ಇಬ್ಬರು ಮೇಷ್ಟ್ರು, ಒಂದು ಹಲಸಿನ ಐಸ್ ಕ್ರೀಮು

ಓದಿದವರಿಗೆ ಒಂದು ಕಾಯಿಲೆ ಇರುತ್ತದೆ. ಯಾವ ಕೆಲಸವೇ ಆಗಲಿ, ಕೈಯಲ್ಲಿ ಶುರುವಾಗುವ ಮೊದಲೇ ತಲೆಯಲ್ಲಿ ಮುಗಿದುಹೋಗಿರುತ್ತದೆ. ನನಗೆ ಈ ಕಾಯಿಲೆ ಕೊಂಚ ಜಾಸ್ತಿ. ಮೈಸೂರಿನಲ್ಲಿ ಇತಿಹಾಸ ಓದಿ ಬಂದು ಸಕಲೇಶಪುರದಲ್ಲಿ ಕಾಲೇಜು ಮಕ್ಕಳಿಗೆ ಅದನ್ನೇ ತಿರುಗಿಸಿ ಹೇಳುತ್ತಿರುವವನು ನಾನು. ದೊಡ್ಡದೊಡ್ಡ ಸಾಮ್ರಾಜ್ಯಗಳು ಯಾಕೆ ಕರಗಿಹೋದವು ಎಂದು ಗಂಟೆಗಟ್ಟಲೆ ವಿವರಿಸಬಲ್ಲವನಿಗೆ ಒಂದು ಪಾತ್ರೆ ಐಸ್ ಕ್ರೀಮು ಕರಗದಂತೆ ನೋಡಿಕೊಳ್ಳುವುದು ಏನು ಮಹಾ ಎಂದುಕೊಂಡಿದ್ದೆ. ಐಸ್ ಕ್ರೀಮೆಂದರೆ ಏನು? ಹಾಲು, ಸಕ್ಕರೆ, ಹಣ್ಣು, ಚಳಿ. ಇದರಲ್ಲಿ ಅರ್ಥವಾಗದ್ದು ಯಾವುದಿದೆ? ಅಷ್ಟನ್ನು ಮನೆಯಲ್ಲಿ ಮಾಡಲು ಹೋಗಿ ಆನೆ ಓಡಿಸುವವರ ಜೀಪು ನಮ್ಮ ಗೇಟಿಗೆ ಬರುವಂತಾಯಿತು ಎಂದರೆ ನೀವು ನಂಬುವುದಿಲ್ಲ. ಗೇಟಿನ ಒಳಗೆ ನಾನೇ ಇರದಿದ್ದರೆ ನಾನೂ ನಂಬುತ್ತಿರಲಿಲ್ಲ.

ನಂಬುವ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೇ ದಿನಾ ಡೈರಿ ಬರೆಯುತ್ತೇನೆ. ಡೈರಿಯನ್ನಾದರೂ ನಂಬಬಹುದೇ ಎಂದರೆ, ಅದನ್ನು ಬರೆದವನೂ ನಾನೇ ಆದ್ದರಿಂದ ಅಲ್ಲೂ ಕಷ್ಟವೇ. ನಮ್ಮ ಮದುವೆಯ ದಿನ ನೆಂಟರೆದುರು ಚಿಕ್ಕದೊಂದು ಭಾಷಣ ಮಾಡಿ ಎಲ್ಲರನ್ನೂ ನಗಿಸಿದ್ದೆ ಎಂದು ನನ್ನ ನೆನಪು. ಡೈರಿಯಲ್ಲಿ ‘ಮಾತಾಡಿದೆ’ ಎಂದಷ್ಟೇ ಇದೆ. ಹೆಂಡತಿ ಸರೋಜಳನ್ನು ಕೇಳಿದರೆ, “ನೀವು ಜೋರಾಗಿ ಸೀನಿದ್ರಿ. ಜನ ನಕ್ಕಿದ್ದು ಅದಕ್ಕೆ” ಎನ್ನುತ್ತಾಳೆ. ಹೀಗೆ ಆಧಾರಗಳು ಬೇರೆಬೇರೆ ಕಡೆಗೆ ಎಳೆಯುವಾಗ ಸತ್ಯ ಎಲ್ಲೋ ನಡುವೆ ಇರುತ್ತದೆ ಎಂದು ತರಗತಿಯಲ್ಲಿ ಹೇಳುತ್ತೇನೆ. ಮನೆಯಲ್ಲಿ ಸರೋಜ ಹೇಳಿದ್ದೇ ಸತ್ಯ. ಈ ಐಸ್ ಕ್ರೀಮಿನ ಕಥೆಯಲ್ಲೂ ನಾನು ಎಲ್ಲೆಲ್ಲಿ ಧೀರನಂತೆ ಕಾಣುತ್ತೇನೋ ಅಲ್ಲಲ್ಲಿ ಸ್ವಲ್ಪ ಸೀನು ಬೆರೆತಿದೆ ಎಂದು ತಿಳಿದು ಓದಿಕೊಳ್ಳಿ.

ಬಾಳ್ಳುಪೇಟೆಯಲ್ಲಿ ಹೆದ್ದಾರಿ ಬಿಟ್ಟು ಆಲೂರು ಕಡೆಯ ಗುಡ್ಡಗಳಿಗೆ ತಿರುಗಿದರೆ ಸಿಗುವ ಊರು ನಮ್ಮದು. ಅರ್ಧ ಕಾಫಿ, ಅರ್ಧ ಗದ್ದೆ, ಉಳಿದದ್ದು ಆನೆ. ಇಲ್ಲಿ ಹಲಸಿನ ಹಣ್ಣು ತಿನ್ನುವುದು ಸ್ವಂತ ವಿಷಯವಲ್ಲ, ಸಾರ್ವಜನಿಕ ವಿಷಯ. ಹಲಸು ಹಣ್ಣಾದರೆ ಅದರ ವಾಸನೆ ಮನುಷ್ಯರಿಗೆ ಪಕ್ಕದ ಮನೆಯವರೆಗೆ ಹೋದರೆ ಆನೆಗೆ ಪಕ್ಕದ ಹೋಬಳಿಯವರೆಗೆ ಹೋಗುತ್ತದೆ. ಒಂದು ಹಣ್ಣಿನ ಆಸೆಗೆ ಬಂದ ಆನೆ ಬರುವಾಗೊಂದು ಬೇಲಿ, ಹೋಗುವಾಗೊಂದು ಬೇಲಿ ಮುರಿದು, ನಡುವೆ ಕಾಫಿ ಗಿಡಗಳನ್ನು ಚಾಪೆಯಂತೆ ಹಾಸಿ ಹೋಗುತ್ತದೆ. ಎದುರಿಗೆ ಮನುಷ್ಯ ಸಿಕ್ಕರೆ ಏನಾಗುತ್ತದೆಂದು ನಮ್ಮಲ್ಲಿ ಯಾರೂ ತಮಾಷೆಗೂ ಹೇಳುವುದಿಲ್ಲ. ಹಾಗಾಗಿ ಹಲಸು ಎಳೆಯದಾಗಿರುವಾಗಲೇ ಕಾಯಿಗಳನ್ನೆಲ್ಲ ಕಿತ್ತು ಲಾರಿಗೆ ತುಂಬಿಸಿಬಿಡುವುದು ಊರಿನ ಪದ್ಧತಿ. ಈ ಸಲ ಒಂದು ಹೆಜ್ಜೆ ಮುಂದೆ ಹೋಗಿ, ಯಾರ ಮನೆಯಲ್ಲೂ ಹಲಸಿನ ಹಣ್ಣು ಇರಕೂಡದು, ಪೇಟೆಯಿಂದಲೂ ತರಕೂಡದು ಎಂದು ಸಭೆ ಸೇರಿ ತೀರ್ಮಾನಿಸಿದೆವು. ಸಭೆಯ ಅಧ್ಯಕ್ಷ ನಾನು. ನಮ್ಮೂರ ಸಭೆಗಳಿಗೆಲ್ಲ ನಾನೇ ಅಧ್ಯಕ್ಷ, ಯಾಕೆಂದರೆ ಕುರ್ಚಿಗಳು ನಮ್ಮ ಮನೆಯವು. “ನಮ್ಮ ನಾಲಗೆಯ ಚಪಲಕ್ಕೆ ನೆರೆಯವನ ಬೇಲಿ ಬಲಿಯಾಗಬಾರದು” ಎಂದು ನಾನು ಹೇಳಿದಾಗ ಚಪ್ಪಾಳೆ ಬಿತ್ತು. ಇದರಲ್ಲಿ ಸೀನು ಬೆರೆತಿಲ್ಲ; ಸರೋಜಳೂ ಕೇಳಿಸಿಕೊಂಡಿದ್ದಾಳೆ.

ಇನ್ನು ಹೆಸರಿನ ವಿಷಯ. ಊರಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಮೇಷ್ಟ್ರು ಎಂದು. ನಮ್ಮ ಗುಡ್ಡಗಳಲ್ಲಿ ಓಡಾಡುವ ಒಂಟಿ ಸಲಗವೊಂದಕ್ಕೂ ಜನ ಮೇಷ್ಟ್ರು ಎಂದೇ ಹೆಸರಿಟ್ಟಿದ್ದಾರೆ. ಯಾರಿಗೆ ಮೊದಲು ಬಂತು ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಅದು ತರಗತಿಗೆ ಹೋಗುವವರಂತೆ ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಬರುವುದರಿಂದ ಆ ಹೆಸರು ಎಂದು ಪಕ್ಕದ ಮನೆಯ ಬಸವೇಗೌಡ ಹೇಳುತ್ತಾನೆ. ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ರಸ್ತೆಯ ನಡುವೆಯೇ ನಡೆಯುವ ವಿಷಯದಲ್ಲಿ ಇಬ್ಬರೂ ಒಂದೇ ಎಂದು ಸರೋಜ ಹೇಳುತ್ತಾಳೆ. ಈ ಬಸವೇಗೌಡನೇ ಫೋನಿನಲ್ಲಿ ಊರಿನ ಆನೆ ಗ್ರೂಪು ನಡೆಸುವವನು. ಆನೆ ಎಲ್ಲಿದೆ ಎಂದು ಕಂಡವರು ಅದರಲ್ಲಿ ಹಾಕುತ್ತಾರೆ, ಉಳಿದವರು ಓದಿ ಜೀವ ಉಳಿಸಿಕೊಳ್ಳುತ್ತಾರೆ. ಆನೆಯನ್ನು ಏಕವಚನದಲ್ಲಿ ಕರೆಯುವ ಧೈರ್ಯ ಯಾರಿಗೂ ಇಲ್ಲ. “ಮೇಷ್ಟ್ರು ಕೆರೆ ಏರಿ ಮೇಲೆ ನಿಂತವ್ರೆ, ಯಾರೂ ಆ ಕಡೆ ಹೋಗ್ಬೇಡಿ”, “ಮೇಷ್ಟ್ರು ಬಸ್ ಸ್ಟಾಪು ದಾಟಿದ್ರು, ಮಕ್ಕಳ್ನ ಒಳಗೆ ಕರ್ಕಳಿ” ಎಂದೆಲ್ಲ ಬರುತ್ತಿರುತ್ತದೆ. ಒಂದು ದಿನ ಹೀಗೆ ಓದಿ ಸರೋಜ ಸಾರು ಬಿಸಿ ಮಾಡಿ ನನಗೆ ತಟ್ಟೆ ಹಾಕಿ ಕಾದಳು; ಬಂದದ್ದು ಅದು. ಇನ್ನೊಂದು ದಿನ ಬಾಗಿಲು ಭದ್ರ ಮಾಡಿ ಉಸಿರು ಬಿಗಿ ಹಿಡಿದು ಕೂತಳು, ಬಂದದ್ದು ನಾನು.

ಇಂಥ ಊರಿನಲ್ಲಿ, ಅಂಥ ಸಭೆಯ ಅಧ್ಯಕ್ಷನ ಮನೆಯಲ್ಲಿ, ಹಲಸಿನ ಹಣ್ಣು ಬೇಕೆಂದು ಕೇಳಿದವರು ನಮ್ಮ ಅತ್ತೆ, ಸರೋಜಳ ತಾಯಿ ಪುಟ್ಟತಾಯಮ್ಮ. ನಮ್ಮ ಜೊತೆಯಲ್ಲೇ ಇದ್ದಾರೆ. ಮಾತು ಚುರುಕು, ಹಲ್ಲು ಇಲ್ಲ. ಕಟ್ಟಿಸಿಕೊಟ್ಟ ಹಲ್ಲು “ನನ್ ಬಾಯಲ್ಲಿ ಇನ್ಯಾರೋ ಕೂತಂಗೈತೆ” ಎಂದು ತೆಗೆದಿಟ್ಟಿದ್ದಾರೆ. ಬೇಸಿಗೆಯಲ್ಲಿ ಒಂದು ಜ್ವರ ಬಂದು ಹೋಯಿತು. ಜ್ವರ ಹೋದರೂ ಬಾಯಿರುಚಿ ವಾಪಸು ಬರಲಿಲ್ಲ. ಏನು ಕೊಟ್ಟರೂ ‘ಸಪ್ಪೆ’ ಎಂದು ತಟ್ಟೆ ದೂರ ತಳ್ಳುವುದು. ಉಪ್ಪಿನಕಾಯಿಯೂ ಸಪ್ಪೆ, ಮೆಣಸಿನ ಸಾರೂ ಸಪ್ಪೆ. ಎರಡು ತುತ್ತು ಗಂಜಿಯಲ್ಲಿ ದಿನ ಮುಗಿಯುತ್ತಿತ್ತು. ಡಾಕ್ಟರು “ಏನು ಕೇಳ್ತಾರೋ ಅದನ್ನ ಕೊಡಿ” ಎಂದಿದ್ದರು, ಆದರೆ ಅವರು ಏನನ್ನೂ ಕೇಳುತ್ತಿರಲಿಲ್ಲ. ಸರೋಜ ಅಡುಗೆಮನೆಯಲ್ಲಿ ನಮಗೆ ಬೆನ್ನು ಮಾಡಿ ನಿಂತುಕೊಳ್ಳುವುದು ಜಾಸ್ತಿಯಾಗಿತ್ತು. ಹಾಗಿರುವಾಗ ಒಂದು ಬೆಳಿಗ್ಗೆ ಅತ್ತೆ ಕೇಳಿದರು: “ಮೇಷ್ಟ್ರೇ, ಒಂದ್ ತೊಳೆ ಹಲಸಿನ ಹಣ್ಣು ಸಿಕ್ಕಿದ್ರೆ ತಿಂತಿದ್ದೆ ಕಣ್ರೀ.”

“ಈ ವರ್ಷ ತರೋ ಹಾಗಿಲ್ಲ ಅಂತ ತೀರ್ಮಾನ ಆಗಿದೆಯಲ್ಲಮ್ಮ. ಬರೋ ವರ್ಷ ನೋಡೋಣ.”

“ಬರೋ ವರ್ಷ ಹಣ್ಣಿರ್ತೈತೆ. ನಾನಿರ್ತೀನಾ?”

ಸರೋಜ ನನ್ನನ್ನು ನೋಡಿದಳು. ನಾನು ಫ್ರಿಜ್ಜನ್ನು ನೋಡಿದೆ. ಸುಮ್ಮನೆ ನೋಡಿದ್ದು, ಆದರೆ ಆಗಲೇ ತಲೆಯಲ್ಲಿ ಮಿಂಚು ಹೊಡೆಯಿತು. ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆಯಲ್ಲಿ ಸರೋಜ ಅವರೆಕಾಳು ಇಟ್ಟಿದ್ದಳು, ಅದರ ಪಕ್ಕ ಮಂಗಳೂರು ಕಡೆಯಿಂದ ಬಂದ ಮೀನು. ಎರಡೂ ತಿಂಗಳುಗಟ್ಟಲೆ ಒಂದಕ್ಕೊಂದು ತಾಗಿಕೊಂಡೇ ಇದ್ದವು. ಕಾಳಿಗೆ ಮೀನಿನ ವಾಸನೆ ಬಂದಿರಲಿಲ್ಲ. ಅಂದರೆ ಹೆಪ್ಪುಗಟ್ಟಿದ ವಸ್ತುವಿಗೆ ವಾಸನೆಯಿಲ್ಲ. ವಾಸನೆಯಿಲ್ಲದ ಹಣ್ಣಿಗೆ ಆನೆ ಬರುವುದಿಲ್ಲ. ಐಸ್ ಕ್ರೀಮಿಗೆ ಹಲ್ಲೂ ಬೇಕಿಲ್ಲ. ಇಷ್ಟು ಅಚ್ಚುಕಟ್ಟಾದ ತರ್ಕ ನನ್ನ ಕೈಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ.

“ಅಧ್ಯಕ್ಷರೇ ಕದ್ದು ತಂದ್ರೆ ಹೇಗೆ?” ಎಂದಳು ಸರೋಜ.

“ತರಬಾರದು ಎಂದಿರುವುದು ಹಣ್ಣನ್ನ. ನಾನು ತರುತ್ತಿರುವುದು ಐಸ್ ಕ್ರೀಮಿನ ಕಚ್ಚಾ ವಸ್ತು.”

“ಇದನ್ನ ಬಸವೇಗೌಡ್ರ ಮುಂದೆ ಹೇಳಿ ನೋಡೋಣ.”

ಅದನ್ನು ಹೇಳುವ ಅಗತ್ಯ ಬಾರದಂತೆ ಶನಿವಾರ ಮಧ್ಯಾಹ್ನ ತರಗತಿ ಮುಗಿಸಿ ಕಾರಿನಲ್ಲಿ ಮಾರನಹಳ್ಳಿಯವರೆಗೆ ಹೋದೆ. ಘಟ್ಟ ಹತ್ತಿ ಬರುವವರಿಗಾಗಿ ಅಲ್ಲಿ ರಸ್ತೆ ಬದಿಯಲ್ಲಿ ಹಣ್ಣು ಇಟ್ಟುಕೊಂಡಿರುತ್ತಾರೆ. ಒಳ್ಳೆಯದೊಂದನ್ನು ತಟ್ಟಿ, ಮೂಸಿ, ಗೊತ್ತಿರುವವನಂತೆ ಮುಖ ಮಾಡಿ ಆರಿಸಿದೆ. ಹಿಂದಿನ ಸೀಟಿನಲ್ಲಿ ಕೂರಿಸಿ, ಉರುಳದಿರಲಿ ಎಂದು ಬೆಲ್ಟು ಹಾಕಿ, ಕಾಣದಿರಲಿ ಎಂದು ಅತ್ತೆಯ ಹಳೆಯ ಶಾಲು ಹೊದಿಸಿದೆ. ಕಿಟಕಿಗಳೆಲ್ಲ ಭದ್ರ. ಕಾರಿನೊಳಗೆ ಆ ಪರಿಮಳದಲ್ಲಿ ನನಗೇ ಸೊಂಡಿಲು ಬೆಳೆಯುತ್ತದೇನೋ ಅನ್ನಿಸಿತು. ಆನೇಮಹಲ್‌ನಲ್ಲಿ ಲಾರಿಯೊಂದು ಅಡ್ಡ ನಿಂತು ಗಾಡಿಗಳೆಲ್ಲ ನಿಂತವು. ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದವನು, ಇಡೀ ತಾಲ್ಲೂಕಿನಲ್ಲಿ ಬೇರೆ ಯಾರೂ ಸಿಗಲಿಲ್ಲವೆಂಬಂತೆ, ಬಸವೇಗೌಡ. ಗಾಜಿಗೆ ಮುಖ ತಂದು ಹಿಂದಿನ ಸೀಟನ್ನು ನೋಡಿದ. ಶಾಲು ಹೊದ್ದು, ಬೆಲ್ಟು ಕಟ್ಟಿಕೊಂಡು, ಒಂದು ಕಡೆ ವಾಲಿಕೊಂಡು ಕೂತ ಆಕಾರ.

“ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡೋಗಿದ್ರಾ ಮೇಷ್ಟ್ರೇ?” ಗಾಜಿನ ಆಚೆಯಿಂದಲೇ ಕೂಗಿದ.

ನಾನು ಹೌದೆಂದು ತಲೆಯಾಡಿಸಿದೆ. ಗಾಜು ಇಳಿಸುವ ಹಾಗಿರಲಿಲ್ಲ.

“ಪಾಪ, ಎಷ್ಟ್ ಸೊರಗಿಬುಟ್ಟವ್ರೆ!” ಎಂದ. ಲಾರಿ ಸರಿಯಿತು. ನಾನು ಹೊರಟೆ.

ಮನೆಗೆ ಬಂದು ಅಡುಗೆಮನೆಯ ಕಿಟಕಿ ಬಾಗಿಲು ಮುಚ್ಚಿ, ಕೈಗೆ ಎಣ್ಣೆ ಬಳಿದುಕೊಂಡು ಹಣ್ಣು ಕೊಯ್ದೆವು. ಐಸ್ ಕ್ರೀಮು ಮಾಡುವುದನ್ನು ತೋರಿಸುವ ಒಬ್ಬ ಹೆಂಗಸಿನ ವೀಡಿಯೋವನ್ನು ಫೋನಿನಲ್ಲಿ ಹಾಕಿಟ್ಟಿದ್ದೆ. ಆಕೆ ಪ್ರತಿಯೊಂದಕ್ಕೂ “ಇಷ್ಟೇ ಫ್ರೆಂಡ್ಸ್, ತುಂಬಾ ಸುಲಭ” ಎನ್ನುತ್ತಿದ್ದಳು. ಆಕೆಯ ಕೈಗೆ ಹಲಸಿನ ಅಂಟು ಅಂಟಿರಲಿಲ್ಲ. ನಾನು ಆ ವೀಡಿಯೋ ನಿಲ್ಲಿಸಲು ಹೋಗಿ ಬೆರಳು ಫೋನಿಗೇ ಅಂಟಿಕೊಂಡು, ಬಿಡಿಸಿಕೊಳ್ಳುವಷ್ಟರಲ್ಲಿ ಆಕೆ ಐಸ್ ಕ್ರೀಮು ಮುಗಿಸಿ ತಲೆಗೆ ಹಚ್ಚುವ ಎಣ್ಣೆ ಕಾಯಿಸುವುದನ್ನು ತೋರಿಸುತ್ತಿದ್ದಳು. ಇತ್ತ ವಾಸನೆ ಕಿಟಕಿಯ ಸಂದಿಯಲ್ಲಿ ಹೊರಟಿತ್ತು. ಸರೋಜಳಿಗೆ ತಕ್ಷಣ ಉಪಾಯ ಹೊಳೆಯಿತು. ಬಾಣಲೆ ಇಟ್ಟು ಕಾಫಿ ಬೀಜ ಹುರಿಯತೊಡಗಿದಳು. ಕಾಫಿಯ ವಾಸನೆ ಎಲ್ಲವನ್ನೂ ಮುಚ್ಚುತ್ತದೆ ಎಂಬುದು ಸರಿ. ಆದರೆ ಅದು ಜನರನ್ನೂ ಕರೆಯುತ್ತದೆ ಎಂಬುದು ಅವಳಿಗೆ ಮರೆತಿತ್ತು. ಬಾಗಿಲು ತಟ್ಟಿದ ಸದ್ದಾಯಿತು. ಅತ್ತೆಯ ಆರೋಗ್ಯ ವಿಚಾರಿಸಲು ಬಸವೇಗೌಡ ಬಂದಿದ್ದ.

ಅತ್ತೆ ನಡುಮನೆಯಲ್ಲಿ ಕೂತು ಆರಾಮಾಗಿ ಬತ್ತಿ ಹೊಸೆಯುತ್ತಿದ್ದರು. ನಾನು ಓಡಿಹೋಗಿ, ಏನು ಎತ್ತ ಎಂದು ಹೇಳುವ ಹೊತ್ತಿಲ್ಲದೆ, ಅವರನ್ನು ಮಂಚದ ಮೇಲೆ ಮಲಗಿಸಿ ಕಂಬಳಿ ಹೊದಿಸಿದೆ. “ಯಾಕಪ್ಪಾ, ನಂಗೇನಾಗೈತೆ?” ಎಂದರು. “ನಿಮಗೆ ಹುಷಾರಿಲ್ಲ, ಸ್ವಲ್ಪ ನರಳಿ” ಎಂದೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಅವರು ನರಳಿದ ರೀತಿಗೆ ನಾನೇ ಗಾಬರಿಯಾದೆ. ಬಸವೇಗೌಡ ಒಳಗೆ ಬಂದವನು ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತುಬಿಟ್ಟ. ಕೊನೆಗೆ ಸರೋಜ ಕೊಟ್ಟ ಕಾಫಿ ಹಿಡಿದು ಕೂತ. ಒಂದು ಲೋಟ ಮುಗಿಸಿ ಇನ್ನೊಂದು ಕೇಳಿದ. ಮೂಗನ್ನು ಗಾಳಿಗೆ ಎತ್ತಿ ಅಡುಗೆಮನೆಯ ಕಡೆ ತಿರುಗಿಸಿದ.

“ಏನೋ ವಾಸ್ನೆ ಕಣ್ರೀ ಸರೋಜಕ್ಕ.”

“ಕಾಫಿ ಬೀಜ ಹುರೀತಿದ್ದೆ.”

“ಅದ್ ಗೊತ್ತಾಯ್ತದೆ. ಕಾಫಿ ಹಿಂದ್ಗಡೆ ಇನ್ನೇನೋ ನಿಂತೈತೆ.”

ಅತ್ತೆ ಸರಿಯಾದ ಹೊತ್ತಿಗೆ ಇನ್ನೊಮ್ಮೆ ನರಳಿದರು. ಬಸವೇಗೌಡ ಎದ್ದು, “ಹುಷಾರು ಕಣವ್ವ” ಎಂದು ಕಣ್ಣು ಒರೆಸಿಕೊಂಡು ಹೋದ.

ಗಟ್ಟಿ ಹಾಲು ಕಾಯಿಸಿ ಆರಿಸಿ, ಕೆನೆ ಬೆರೆಸಿ, ರುಬ್ಬಿದ ಹಣ್ಣು ಸೇರಿಸಿ ದೊಡ್ಡ ಪಾತ್ರೆಯಲ್ಲಿ ಐಸ್ ಪೆಟ್ಟಿಗೆಗೆ ಇಟ್ಟೆವು. ಅವರೆಕಾಳೂ ಮೀನೂ ಜಾಗ ಬಿಟ್ಟು ಹೊರಗೆ ಬಂದವು, ಅವನ್ನು ಆ ರಾತ್ರಿಯ ಊಟಕ್ಕೆ ಸಾರು ಮಾಡಿದ್ದಾಯಿತು. ಆಗಾಗ ತೆಗೆದು ಕಡೆಯಬೇಕು ಎಂದು ಆ ಹೆಂಗಸು ಹೇಳಿದ್ದಳು. ನಾನು ತೆಗೆದು ಕಡೆದಾಗಲೆಲ್ಲ ಕರೆಂಟು ಹೋಗುತ್ತ, ಕರೆಂಟು ಬರುವಷ್ಟರಲ್ಲಿ ಅದು ಮತ್ತೆ ಹಾಲಾಗುತ್ತ, ಅಂತೂ ಭಾನುವಾರ ಊಟದ ಹೊತ್ತಿಗೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಯಿತು. ಮೂಸಿ ನೋಡಿದೆ. ಏನೂ ಇಲ್ಲ. ಹಲಸು ಅಲ್ಲಿ ಇದೆ, ಆದರೆ ಇಲ್ಲ. ನನ್ನ ತರ್ಕ ಗೆದ್ದಿತ್ತು. ಉಳಿದದ್ದು ಸಿಪ್ಪೆ. ಅದನ್ನು ಗೋಣಿಚೀಲದಲ್ಲಿ ಕಟ್ಟಿ ಬಚ್ಚಲುಮನೆಯಲ್ಲಿ ಬಚ್ಚಿಟ್ಟಿದ್ದೆವು. ಅತ್ತೆ ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವುದರೊಳಗೆ ಹೂತುಬರುತ್ತೇನೆ ಎಂದು ಗುದ್ದಲಿ, ಚೀಲ ಹಿಡಿದು ಮನೆಯ ಹಿಂದೆ ಹೋದೆ. ಹಳ್ಳ ತೋಡುತ್ತಿದ್ದೆ. ಆಗ ಮುಂದಿನ ಗೇಟಿನಲ್ಲಿ ಜೀಪು ನಿಂತ ಸದ್ದು. ಮೈಕು ಕಿರ್ ಎಂದಿತು.

“ಗ್ರಾಮಸ್ಥರ ಗಮನಕ್ಕೆ. ಮೇಷ್ಟ್ರು ಮನೆ ಹಿಂದೆ ಇದ್ದಾರೆ. ಹಲಸಿನ ಹಣ್ಣು ಮುಗಿಸಿ ಈಗ ಮಣ್ಣು ಕೆದರ್ತಾ ಇದ್ದಾರೆ. ಕೋಪದಲ್ಲಿರಬಹುದು. ಯಾರೂ ಹತ್ತಿರ ಹೋಗಿ ಮಾತಾಡಿಸಬೇಡಿ.”

ಗುದ್ದಲಿ ಕೈಯಿಂದ ಜಾರಿತು. ಒಬ್ಬ ಅಧ್ಯಕ್ಷ ಮಾತು ತಪ್ಪಿದ್ದಕ್ಕೆ ಜೀಪು, ಮೈಕು ಎಲ್ಲ ತಂದು ಸಾರುವುದು ಸ್ವಲ್ಪ ಅತಿಯಾಯಿತು ಎಂದು ಮೊದಲು ಅನ್ನಿಸಿತು. ಮಾತಾಡಿಸಬೇಡಿ ಎಂದದ್ದು ಮಾತ್ರ ಒಂದು ಬಗೆಯ ಮರ್ಯಾದೆ ಎನಿಸಿ ಸಮಾಧಾನವಾಯಿತು. ಅಷ್ಟರಲ್ಲಿ ಮೈಕು ಮುಂದುವರಿಯಿತು: “ಪಟಾಕಿ ಹೊಡೀತೀವಿ. ಪಟಾಕಿಗೆ ಬೆದರಿ ಮೇಷ್ಟ್ರು ತೋಟದ ಕಡೆ ನುಗ್ಗಬಹುದು. ದಾರಿ ಬಿಡಿ.” ಆಗ ತಿಳಿಯಿತು, ಇದು ಆ ಮೇಷ್ಟ್ರ ವಿಷಯ. ಆನೆ ಮನೆಯ ಹಿಂದೆ ಇದೆ. ಮನೆಯ ಹಿಂದೆ ಇರುವುದು ನಾನು. ಅಂದರೆ ಆನೆ ಇಲ್ಲೇ ಎಲ್ಲೋ ಇದೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಸಿಪ್ಪೆಯ ಚೀಲವನ್ನು ಎದೆಗೆ ಅಪ್ಪಿಕೊಂಡೆ. ಅದನ್ನು ಯಾಕೆ ಅಪ್ಪಿಕೊಂಡೆನೋ ಈಗ ವಿವರಿಸಲಾರೆ. ಆನೆಗೆ ಬೇಕಾದ್ದು ಅದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಫೋನು ರಿಂಗಾಯಿತು. ಬಸವೇಗೌಡ.

“ಮೇಷ್ಟ್ರೇ, ಎಲ್ಲಿದೀರಿ?” ಪಿಸುಗುಟ್ಟಿದ.

“ಮನೆ ಹಿಂದೆ.”

“ಅಯ್ಯಯ್ಯೋ! ಮೇಷ್ಟ್ರೂ ಅಲ್ಲೇ ಅವ್ರಲ್ಲ ಮಾರಾಯ್ರೆ! ಕಾಣ್ತಾವ್ರಾ?”

“ಇಲ್ಲ.”

“ಅಲ್ಲಾಡ್ಬೇಡಿ. ಉಸಿರೂ ಬಿಡ್ಬೇಡಿ. ಗೇಟಿನ್ ತಾವಕ್ಕೆ ಮಣ್ಣು ಕೆದರೋ ಸದ್ದು ಕೇಳ್ತಿತ್ತು, ಈಗ ನಿಂತೋಗೈತೆ.”

“ಬಸವೇಗೌಡ್ರೇ, ಮಣ್ಣು ಕೆದರ್ತಾ ಇದ್ದದ್ದು ನಾನು.”

“ಯಾಕೆ?”

“ಸಿಪ್ಪೆ ಹೂಳೋದಕ್ಕೆ.”

“ಯಾವ ಸಿಪ್ಪೆ?”

ಇತಿಹಾಸದಲ್ಲಿ ಎಷ್ಟೋ ರಾಜರು ಇಂಥ ಪ್ರಶ್ನೆಯೆದುರು ಏನು ಮಾಡಿದರೆಂದು ನನಗೆ ಗೊತ್ತು. ನಾನು ಕಲ್ಲಿನ ಹಿಂದಿನಿಂದ ಎದ್ದು, ಚೀಲದ ಸಮೇತ ಮನೆ ಸುತ್ತಿ ಅಂಗಳಕ್ಕೆ ಬಂದು ನಿಂತೆ.

ಆಮೇಲೆ ತಿಳಿದದ್ದು ಇಷ್ಟು. ರಾತ್ರಿಯೆಲ್ಲ ಆ ವಾಸನೆ ಕಾಡಿ, ಬೆಳಿಗ್ಗೆ ಬಸವೇಗೌಡ ಗ್ರೂಪಿನಲ್ಲಿ “ಮೇಷ್ಟ್ರ ಮನೆ ಹಿಂದೆ ಹಲಸಿನ ವಾಸ್ನೆ ಐತೆ, ಹುಷಾರು” ಎಂದು ಹಾಕಿದ್ದ. ಮೇಷ್ಟ್ರ ಮನೆ, ಅಂದರೆ ನಮ್ಮ ಮನೆ. ಅದನ್ನು ಓದಿ ಇನ್ನೊಬ್ಬರಿಗೆ ದಾಟಿಸಿದವರು ಯಾರೋ ಅವಸರದಲ್ಲಿ “ಮೇಷ್ಟ್ರು ಮನೆ ಹಿಂದೆ, ಹಲಸು” ಎಂದು ಬರೆದರು. ರಕಾರಕ್ಕೆ ಒಂದು ಕೊಂಬು ಹೆಚ್ಚಾಯಿತು, ಅಷ್ಟೆ. ಅಕ್ಷರಕ್ಕೆ ಬಂದ ಕೊಂಬು ಮೇಷ್ಟ್ರಿಗೂ ಬಂದುಬಿಟ್ಟಿತು. ಬಾಳ್ಳುಪೇಟೆಯಲ್ಲಿದ್ದ ಜೀಪಿನವರನ್ನು ಮುಟ್ಟುವ ಹೊತ್ತಿಗೆ ಸಲಗ ನಮ್ಮ ಹಿತ್ತಲಲ್ಲಿ ಹಣ್ಣು ತಿನ್ನುತ್ತಿತ್ತು.

ಅಂಗಳದಲ್ಲಿ ನೆರೆದವರು ಆನೆಗೆ ಬಿಡುವಷ್ಟೇ ಜಾಗವನ್ನು ನನಗೂ ಬಿಟ್ಟು ನಿಂತಿದ್ದರು. ಬಸವೇಗೌಡನ ಮುಖ ಕೆಂಪಗಾಗಿತ್ತು. “ನೀವೇ ಹಿಂಗ್ ಮಾಡ್ಬುಟ್ರೆ ನಾವ್ ಇನ್ ಯಾರ್ ಮಾತು ಕೇಳಾದು ಕಣ್ರೀ? ನನ್ ಹೆಂಡ್ರು ಒಂದೇ ಒಂದ್ ತೊಳೆ ತರ್ತೀನಿ ಅಂದಿದ್ಕೆ ನಾನು ಜಗಳ ಆಡಿ ಅವಳನ್ನ ಅಳಿಸ್ಬುಟ್ಟೆ. ನೆರೆಯವನ ಬೇಲಿ ಅಂತ ನಿಮ್ ಮಾತೇ ಹೇಳಿ ಅಳಿಸ್ದೆ!” ನಾನು ಕಚ್ಚಾ ವಸ್ತುವಿನ ವಾದವನ್ನು ತೆಗೆಯಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. “ಏನೈತೋ ಎಲ್ಲಾ ತನ್ನಿ. ಸಿಪ್ಪೆ ಜೊತೆ ಅದನ್ನೂ ಹೂತ್ಬುಡಾಣ” ಎಂದ. ಎಲ್ಲರೂ ಹೌದೆಂದರು. ಸರೋಜ ಪಾತ್ರೆಯನ್ನು ತಂದಳು, ಆದರೆ ಕೈಬಿಡಲಿಲ್ಲ.

ಆಗ ಅತ್ತೆ ನಿದ್ದೆಯಿಂದ ಎದ್ದು ಬಂದರು. ಕೈಯಲ್ಲಿ ಒಂದು ಬಟ್ಟಲು. ನಿನ್ನೆ ಸಾಯುವಂತಿದ್ದವರು ನೆಟ್ಟಗೆ ನಡೆದು ಬಂದದ್ದನ್ನು ಕಂಡು ಬಸವೇಗೌಡನ ಬಾಯಿ ತೆರೆದುಕೊಂಡಿತು.

“ಹೂಳಾದಾದ್ರೆ ದೊಡ್ಡದಾಗೇ ತೋಡ್ಲಾ ಬಸವ, ನನ್ನೂ ಸೇರ್ಸಿ ಹೂಳ್ಬುಡು. ಅದ್ಕೆ ಮೊದ್ಲು ಒಂದ್ ಚಮಚ ತಿಂತೀನಿ.”

ಸರೋಜ ಬಟ್ಟಲಿಗೆ ಹಾಕಿದಳು. ಅತ್ತೆ ಬಾಯಿಗಿಟ್ಟುಕೊಂಡರು. ಮೈಕು ಹಿಡಿದವನೂ ಕತ್ತು ಮುಂದೆ ಚಾಚಿದ್ದ. ಅತ್ತೆಯ ಮುಖ ಒಂದು ಕಡೆ ಸೊಟ್ಟಗಾಯಿತು, ಆಮೇಲೆ ಇನ್ನೊಂದು ಕಡೆ.

“ಸಪ್ಪೆ” ಎಂದರು.

ಸರೋಜ ಬೆನ್ನು ತಿರುಗಿಸಿದಳು. ಅಷ್ಟರಲ್ಲಿ ಅತ್ತೆ ಬಟ್ಟಲನ್ನು ಮೂಗಿನ ಹತ್ತಿರ ತಂದು, “ಬಾಯೆಲ್ಲ ಮರಗಟ್ಟೋಯ್ತು. ಹಲಸಂತೀರಿ, ಇದ್ರಲ್ಲಿ ವಾಸ್ನೇನೇ ಇಲ್ವಲ್ಲ. ವಾಸ್ನೆ ಇಲ್ದೆ ರುಚಿ ಎಲ್ಲಿಂದ ಬತ್ತೈತೆ? ಬಿಸಿ ಮಾಡ್ಕೊಡಿ” ಎಂದರು.

ಬಿಸಿ! ಎರಡು ದಿನ ಕಡೆದು, ಕಾದು, ಕರೆಂಟಿಗೆ ಕೈಮುಗಿದು ಗಟ್ಟಿ ಮಾಡಿದ್ದನ್ನು ಒಲೆಯ ಮೇಲೆ ಇಡುವುದೇ? ಇಟ್ಟರೆ ವಾಸನೆ ಗುಡ್ಡ ದಾಟುತ್ತದೆ. ಯಾವ ವಾಸನೆಯನ್ನು ಕೊಲ್ಲಲು ನಾನು ಇಷ್ಟೆಲ್ಲ ಮಾಡಿದೆನೋ ಅದಿಲ್ಲದೆ ಅತ್ತೆಯ ಬಾಯಿಗೆ ಹಲಸೇ ಇಲ್ಲ. ಅಂಗಳದಲ್ಲೇ ಸಭೆ ಸೇರಿತು. ಈ ಸಲ ಕುರ್ಚಿ ಹಾಕಲಿಲ್ಲ, ಅಧ್ಯಕ್ಷನೂ ಇರಲಿಲ್ಲ. ಒಬ್ಬ ಬೇಡವೆಂದ, ಇನ್ನೊಬ್ಬ ಗಾಳಿ ಯಾವ ಕಡೆಗಿದೆ ನೋಡೋಣ ಎಂದ, ಮತ್ತೊಬ್ಬ ಅಜ್ಜಿಗೆ ಒಂದು ಚಮಚ ಮಾತ್ರ ಬಿಸಿ ಮಾಡಬಹುದು ಎಂದ. ಬಸವೇಗೌಡ ಅತ್ತೆಯನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಜೀಪಿನವರ ಕಡೆ ತಿರುಗಿದ.

“ನಿಜವಾದ ಮೇಷ್ಟ್ರು ಎಲ್ಲವ್ರೆ ಅಂತ ವಿಚಾರಿಸ್ರಪ್ಪ.”

ಅವರು ಫೋನು ಮಾಡಿ ಕೇಳಿದರು. ಸಲಗ ಬೆಳಿಗ್ಗೆಯೇ ಹೊಳೆ ದಾಟಿ ಆಚೆಯ ಗುಡ್ಡದಲ್ಲಿ ಬಿದಿರು ಮುರಿಯುತ್ತಿದೆ ಎಂದು ತಿಳಿಯಿತು. ನಿಜವಾದ ಮೇಷ್ಟ್ರು ಎಂಬ ಮಾತು ನನಗೆ ಚುಚ್ಚಿತಾದರೂ ಆಗ ಅದನ್ನು ಎತ್ತುವ ಸಮಯವಾಗಿರಲಿಲ್ಲ.

“ಪಟಾಕಿ ಅವ್ಯಾ?”

“ಅವೆ.”

“ಹಂಗಾದ್ರೆ ನೀವು ಗೇಟಿನ್ ತಾವ ನಿಂತ್ಕಳಿ. ಸರೋಜಕ್ಕ, ಒಲೆ ಹಚ್ಚಿ. ಬ್ಯಾಗ ಬಿಸಿ ಮಾಡಿ ಬ್ಯಾಗ ತಿಂದ್ಬುಡಾಣ. ವಾಸ್ನೆ ಹಿಡ್ಕಂಡು ಮೇಷ್ಟ್ರು ಬರೋದ್ರೊಳಗೆ ಹಣ್ಣೇ ಇಲ್ದಂಗೆ ಮಾಡ್ಬುಡಾಣ.”

‘ತಿಂದ್ಬುಡಾಣ’ ಎಂಬ ಬಹುವಚನವನ್ನು ನಾನು ಗಮನಿಸಿದೆ. ಬಸವೇಗೌಡ ಗಮನಿಸಲಿಲ್ಲ, ಅವನು ಆಗಲೇ ಹೆಂಡತಿಗೆ ಫೋನು ಮಾಡಿ ಲೋಟ ತರಲು ಹೇಳುತ್ತಿದ್ದ. ಹೀಗೆ, ಆನೆ ಓಡಿಸುವವರ ಕಾವಲಿನಲ್ಲಿ, ನನ್ನ ಐಸ್ ಕ್ರೀಮು ಒಲೆಯೇರಿತು. ಮೊದಲು ಕರಗಿತು, ಆಮೇಲೆ ನಡುಗಿತು, ಆಮೇಲೆ ಕುದಿಯಿತು. ಅದರಿಂದ ಎದ್ದ ಪರಿಮಳಕ್ಕೆ ಅಂಗಳದಲ್ಲಿದ್ದವರೆಲ್ಲ ಅಡುಗೆಮನೆಯ ಕಡೆ ತಿರುಗಿದರು. ಸರೋಜ ಒಳಗಿನಿಂದ ಕೂಗಿದಳು, “ರೀ, ನಿಮ್ಮ ಐಸ್ ಕ್ರೀಮು ಉಕ್ಕುತ್ತಾ ಇದೆ, ಬನ್ನಿ!” ಇಂಥ ವಾಕ್ಯವನ್ನು ಯಾವ ಗಂಡನೂ ಕೇಳಿರಲಾರ.

ಅತ್ತೆ ಬಟ್ಟಲು ಹಿಡಿದು ಊದಿ ಊದಿ ತಿಂದರು. ನಾವು ಅವರ ಮುಖ ನೋಡುತ್ತ ನಿಂತೆವು. ಬಟ್ಟಲಿನ ತಳವನ್ನು ಬೆರಳಿನಲ್ಲಿ ಬಳಿದರು, ಬೆರಳನ್ನು ಬಾಯಲ್ಲಿಟ್ಟುಕೊಂಡರು, ಬಟ್ಟಲನ್ನು ಮತ್ತೆ ಸರೋಜಳ ಮುಂದೆ ಹಿಡಿದರು. ಜ್ವರ ಬಂದಮೇಲೆ ಅವರು ಯಾವುದನ್ನಾದರೂ ಎರಡನೇ ಸಲ ಕೇಳಿದ್ದು ಅದೇ ಮೊದಲು. ಸರೋಜ ಬಟ್ಟಲು ತುಂಬಿ ಚೆಲ್ಲುವಷ್ಟು ಹಾಕಿದಳು.

“ಐಸ್ ಕ್ರೀಮು ಭಾಳ ಚೆನ್ನಾಗೈತೆ ಮೇಷ್ಟ್ರೇ” ಎಂದರು ಅತ್ತೆ. “ಇನ್ನೊಂದ್ಸಲ ಮಾಡೋವಾಗ ಆ ಪೆಟ್ಟಿಗೆ ಒಳಕ್ಕೆ ಇಡಾಕೆ ಹೋಗ್ಬೇಡಿ, ಅಷ್ಟೆ.” ರಾತ್ರಿಗೆ ಅನ್ನ ಸಾರು ಕೇಳಿದರು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಬೈದರು. ಸರೋಜ ಅಷ್ಟು ಸಂತೋಷವಾಗಿ ಬೈಸಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಬಡಿಸುವ ಕೆಲಸವನ್ನು ತಪ್ಪಿತಸ್ಥನಾದ ನಾನೇ ವಹಿಸಿಕೊಂಡಿದ್ದೆ. ಬಸವೇಗೌಡನಿಗೆ, ಅವನ ಹೆಂಡತಿಗೆ, ಗೇಟಿನಲ್ಲಿದ್ದವರಿಗೆ, ಮೈಕಿನವನಿಗೆ, ಎಲ್ಲರಿಗೂ ಲೋಟ ತುಂಬಿಸಿ ಕೊನೆಗೆ ನನ್ನ ಲೋಟದ ಮೇಲೆ ಪಾತ್ರೆ ಬೋರಲು ಹಾಕಿದರೆ ಒಂದು ಹನಿಯೂ ಬೀಳಲಿಲ್ಲ. ತಣ್ಣಗಿರುವಾಗಲೂ ನಾನು ತಿಂದಿರಲಿಲ್ಲ, ಅತ್ತೆ ಮೊದಲು ತಿನ್ನಲಿ ಎಂದು. ಹಾಗಾಗಿ ನಾನು ಜೀವಮಾನದಲ್ಲಿ ಮಾಡಿದ ಒಂದೇ ಐಸ್ ಕ್ರೀಮು ಹೇಗಿತ್ತು ಎಂದು ನನಗೆ ಗೊತ್ತಿಲ್ಲ. ಆದರೆ ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಚೆನ್ನಾಗಿತ್ತು ಎನ್ನುತ್ತೇನೆ. ಏಲಕ್ಕಿ ಒಂಚೂರು ಮುಂದಿತ್ತು ಎಂದೂ ಮೊನ್ನೆ ಒಬ್ಬರಿಗೆ ಹೇಳಿದೆ. ಏಲಕ್ಕಿ ಹಾಕಿದ್ದೆವೋ ಇಲ್ಲವೋ ಸರೋಜಳನ್ನು ಕೇಳಬೇಕು. ಕೇಳುವುದಿಲ್ಲ. ಇನ್ನೆರಡು ವರ್ಷ ಸುಮ್ಮನಿದ್ದರೆ ಅದರ ರುಚಿ ನನಗೂ ಪೂರ್ತಿ ನೆನಪಾಗುತ್ತದೆ.